ನಡುಮನೆಯ ಶಾಲೆ, ಎರಡು ನುಡಿಯ ಮಕ್ಕಳು

ಮಗುವನ್ನು ಶಾಲೆಗೆ ಸೇರಿಸದೆ, ಅಥವಾ ಸೇರಿಸಿದ ಮೇಲೆ ಬಿಡಿಸಿ, ಅದರ ಓದು, ಬರೆಹ, ಲೆಕ್ಕಗಳ ಪೂರ್ತಿ ಹೊಣೆಯನ್ನು ತಂದೆತಾಯಿಗಳೇ ಹೊತ್ತುಕೊಳ್ಳುವ ಕ್ರಮವನ್ನು ಮನೆಶಾಲೆ ಎನ್ನುತ್ತಾರೆ. ಶಾಲೆ ಮುಗಿದ ಮೇಲೆ ನಡೆಯುವ ಮನೆಪಾಠಕ್ಕೂ ಇದಕ್ಕೂ ಇರುವ ವ್ಯತ್ಯಾಸ ಈ ಹೊಣೆಯಲ್ಲೇ ಇದೆ. ಬೆಂಗಳೂರಿನಂಥ ನಗರದಲ್ಲಿ ಇಂಥ ಕುಟುಂಬಗಳು ಕಾಣಸಿಗುತ್ತವೆ. ಆದರೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಾಗಲಿ, ಅತ್ತ ತುರುವೇಕೆರೆ, ಇತ್ತ ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಾಗಲಿ, ಮಗುವಿನ ಕಲಿಕೆ ಕುಂಟುತ್ತಿರುವುದನ್ನು ಕಣ್ಣಾರೆ ಕಂಡ ತಂದೆತಾಯಿಗಳೂ ಈ ಮಾತು ಬಂದೊಡನೆ ಹಿಂದೆ ಸರಿಯುತ್ತಾರೆ. ಹಣಕ್ಕಿಂತ, ಪುರುಸೊತ್ತಿಗಿಂತ ಹೆಚ್ಚಾಗಿ ಅವರನ್ನು ತಡೆಯುವುದು ‘ನಮಗೇ ಇಂಗ್ಲಿಷ್ ಬರೋದಿಲ್ಲ, ಮಕ್ಕಳಿಗೆ ಏನು ಹೇಳಿಕೊಡೋದು’ ಎಂಬ ಅಳುಕು.

ಈ ಅಳುಕಿಗೆ ಉತ್ತರ ಗಡಿನಾಡಿನ ಮನೆಗಳಲ್ಲಿ ಸಿಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂಬ ಸ್ಥಿತಿ ಅಲ್ಲಿನ ಕನ್ನಡಿಗರ ಪಾಲಿಗೆ ನಿತ್ಯದ್ದಾಯಿತು. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಅಲ್ಲಿ ಎದ್ದ ಪ್ರತಿಭಟನೆಯ ಹಿಂದೆ ಇದ್ದುದು ಈ ಬದುಕೇ. ಶಾಲೆ ಕೈಬಿಟ್ಟರೂ ನುಡಿ ಉಳಿಯಬೇಕಾದರೆ ನಡುಮನೆಯಲ್ಲಿ ಅಕ್ಷರ ತಿದ್ದಿಸಬೇಕು ಎಂಬುದನ್ನು ಗಡಿಯ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೊಣವಿನಕೆರೆ ಭೂಪಟದ ಪ್ರಕಾರ ಗಡಿಯೂರಲ್ಲ. ಆದರೂ ತಿಪಟೂರು ಮಾರುಕಟ್ಟೆಯ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುವುದರಿಂದ ಧಾರಣೆಯ ಮಾತಿನಲ್ಲಿ ಹಿಂದಿ ಬೆರೆಯುತ್ತದೆ, ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ, ಪಹಣಿ ಕನ್ನಡದಲ್ಲಿರುತ್ತದೆ, ಕೆಲವರ ಮನೆಮಾತು ಉರ್ದು, ತೆಲುಗು ಅಥವಾ ಲಂಬಾಣಿ. ಇಂಥ ಸೀಮೆಯ ಮಗು ಎರಡು ನುಡಿಗಳ ನಡುವೆ ಓಡಾಡುವುದನ್ನು ಶಾಲೆಗೆ ಹೋಗುವ ಮೊದಲೇ ಕಲಿತಿರುತ್ತದೆ. ಮಗುವಿನ ಮೊದಲ ಓದು ತಾಯ್ನುಡಿಯಲ್ಲಿ ನಡೆಯಬೇಕೆಂದು ಯುನೆಸ್ಕೊ 1953ರಷ್ಟು ಹಿಂದೆಯೇ ಹೇಳಿತ್ತು. ಅದರ ಹಿಂದಿನ ತರ್ಕ ಸರಳವಾದುದು: ಬರೆದ ಗುರುತಿನಿಂದ ಅರ್ಥ ಹೊರಡಿಸುವ ಕೌಶಲವನ್ನು ಮಗು ಒಮ್ಮೆ ಕಲಿತರೆ ಸಾಕು, ಎರಡನೆಯ ಭಾಷೆಗೆ ಬಂದಾಗ ಅದನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ, ಹೊಸ ಲಿಪಿ ಮತ್ತು ಹೊಸ ಪದಗಳನ್ನು ಕೂಡಿಸಿಕೊಂಡರಾಯಿತು. ಆದ್ದರಿಂದ ಕನ್ನಡವನ್ನು ತಪ್ಪಿಲ್ಲದೆ ಓದಬಲ್ಲ ತಾಯಿ ತನ್ನ ಮಗುವಿನ ಇಂಗ್ಲಿಷಿಗೂ ಬುನಾದಿ ಹಾಕುತ್ತಿರುತ್ತಾಳೆ.

ಇದಕ್ಕೆ ಬೇಕಾದ ಸಾಮಗ್ರಿಯೂ ದೂರದಲ್ಲಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘವು ಕನ್ನಡವಲ್ಲದೆ ಇಂಗ್ಲಿಷ್, ಉರ್ದು, ತೆಲುಗು, ತಮಿಳು, ಮರಾಠಿ, ಹಿಂದಿ ಮಾಧ್ಯಮಗಳಿಗೂ ಪಠ್ಯಗಳನ್ನು ಪ್ರಕಟಿಸುತ್ತದೆ, ಮತ್ತು ಅವನ್ನು ಮೊಬೈಲಿಗೆ ಉಚಿತವಾಗಿ ಇಳಿಸಿಕೊಳ್ಳಬಹುದು. ಐದನೆಯ ತರಗತಿಯ ಗಣಿತದ ಕನ್ನಡ ಪುಸ್ತಕವನ್ನೂ ಇಂಗ್ಲಿಷ್ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಭಿನ್ನರಾಶಿಯ ಲೆಕ್ಕವನ್ನು ಮೊದಲು ಕನ್ನಡದಲ್ಲಿ ಬಿಡಿಸಿ, ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಓದಿಸಿದರೆ, ಅರ್ಥ ಮೊದಲೇ ಗೊತ್ತಿರುವುದರಿಂದ ಮಗುವಿಗೆ ಇಂಗ್ಲಿಷ್ ವಾಕ್ಯದ ಭಯವಿರುವುದಿಲ್ಲ, ಜೊತೆಯಲ್ಲಿ ಕೂತ ತಂದೆಯೂ ಕಲಿಯುತ್ತಾನೆ. ಮನೆಮಾತು ಉರ್ದುವಾಗಿದ್ದರೆ ಉರ್ದು ಪುಸ್ತಕ, ಕನ್ನಡ ಪುಸ್ತಕಗಳ ಜೋಡಿ ಅದೇ ಕೆಲಸ ಮಾಡುತ್ತದೆ.

ಗಡಿಗೆ ಹತ್ತಿರದ ಪುತ್ತೂರಿನಲ್ಲಿ ಮನೆಯ ಕಲಿಕೆಗೆ ದೊಡ್ಡ ಉದಾಹರಣೆಯೊಂದಿದೆ. ಕೋಟದಿಂದ ಬಂದು ತುಳುನಾಡಿನ ಪುತ್ತೂರಿನಲ್ಲಿ ನೆಲೆಸಿದ ಶಿವರಾಮ ಕಾರಂತರು ಅಲ್ಲಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, ಮಕ್ಕಳಿಗಾಗಿಯೇ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಅವರ ಮಗ ಉಲ್ಲಾಸ ಕಾರಂತರು ಬಾಲ್ಯದ ಮೊದಲ ವರ್ಷಗಳನ್ನು ಶಾಲೆಯ ಹೊರಗೆ ಮನೆಯ ಕಲಿಕೆಯಲ್ಲೇ ಕಳೆದು, ಮುಂದೆ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಹುಲಿಗಳ ಅಧ್ಯಯನಕ್ಕೆ ಜಗತ್ತಿನಲ್ಲೇ ಹೆಸರಾದರು. ಎಲ್ಲ ಮನೆಯಲ್ಲೂ ಒಬ್ಬ ಕಾರಂತರಿರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸುತ್ತಲಿನ ಗಿಡಮರ, ಹಕ್ಕಿ, ಹುಳುಗಳನ್ನೇ ಪಾಠವಾಗಿಸಿಕೊಳ್ಳುವ ಅನುಕೂಲ ತೋಟದ ಮನೆಗೂ ಅಷ್ಟೇ ಇದೆ.

ತೆಂಗಿನ ತೋಟವನ್ನೇ ನೋಡಬಹುದು. ಸಾಲಿನಿಂದ ಸಾಲಿಗೂ ಸಸಿಯಿಂದ ಸಸಿಗೂ 30 ಅಡಿ ಬಿಟ್ಟು ನೆಟ್ಟರೆ ಒಂದು ಮರಕ್ಕೆ 900 ಚದರ ಅಡಿ ಬೇಕು. ಒಂದು ಗುಂಟೆ 1,089 ಚದರ ಅಡಿ, 40 ಗುಂಟೆಗೆ ಒಂದು ಎಕರೆ. ಹಾಗಾದರೆ ಎಕರೆಗೆ ಎಷ್ಟು ಮರ ಎಂಬ ಪ್ರಶ್ನೆಗೆ 48 ಎಂಬ ಉತ್ತರ ತಂದ ಮಗು, ತೋಟಕ್ಕೆ ಹೋಗಿ ಎಣಿಸಿ ನೋಡಿ, ಲೆಕ್ಕಕ್ಕೂ ನೆಲಕ್ಕೂ ಏಕೆ ತಾಳೆಯಾಗಲಿಲ್ಲವೆಂದು ಬದು, ಬಾವಿ, ದಾರಿಗಳನ್ನು ಅಳೆಯತೊಡಗುತ್ತದೆ. ಅಟ್ಟದ ಮೇಲೆ ಹಲವು ತಿಂಗಳು ಸಿಪ್ಪೆಸಮೇತ ಕೂತ ಕಾಯಿಯೊಳಗೆ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗೊಟಗುಟ್ಟುವ ಹೊತ್ತಿಗೆ ಉಂಡೆ ಕೊಬ್ಬರಿ ತಯಾರಾಗಿರುತ್ತದೆ. ನೀರು ಎಲ್ಲಿ ಹೋಯಿತು, ತಿರುಳು ಏಕೆ ಕುಗ್ಗಿತು ಎಂದು ಕೇಳಿದರೆ ಅಲ್ಲೇ ವಿಜ್ಞಾನದ ಪಾಠ ಶುರುವಾಗುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ, ಅಂದರೆ ಸರ್ಕಾರವೇ ಕೊಳ್ಳಲು ಒಪ್ಪುವ ಕನಿಷ್ಠ ದರ, ನಿಗದಿ ಮಾಡಿತ್ತು. ಅದನ್ನು ಆ ದಿನದ ಮಾರುಕಟ್ಟೆ ಧಾರಣೆಯೊಡನೆ ಹೋಲಿಸುವ ಮಗುವಿಗೆ ಶೇಕಡಾವಾರು ಲೆಕ್ಕದ ಅಗತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ತೋಟವನ್ನು ಓದುವುದು ಬೇರೆ, ತೋಟದಲ್ಲಿ ದುಡಿಸುವುದು ಬೇರೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳು ಮನೆಯ ಕಸುಬಿನಲ್ಲಿ ನೆರವಾಗುವುದನ್ನು ಶಾಲೆಯ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅದೂ ಅಪಾಯವಿಲ್ಲದ ಕೆಲಸಕ್ಕೆ ಮಾತ್ರ ಒಪ್ಪುತ್ತದೆ. ಕಾಯಿ ಸುಲಿಯುವ ಚೂಪು ಸಲಾಕೆಯ ಮುಂದೆ ಮಗುವನ್ನು ನಿಲ್ಲಿಸಿ ಅದನ್ನು ಮನೆಶಾಲೆ ಎಂದು ಕರೆಯುವವರು ಮಗುವಿಗೆ ದ್ರೋಹ ಬಗೆಯುತ್ತಾರೆ. ದುಡಿಮೆಗೆ ಕೈ ಬೇಕೆಂಬ ಕಾರಣಕ್ಕೆ ಶಾಲೆ ಬಿಡಿಸುವ ಮನೆಗೆ ಈ ದಾರಿ ಸಲ್ಲದು.

ಕಾನೂನಿನ ಮಾತು ಚಿಕ್ಕದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಮನೆಶಾಲೆಯನ್ನು ಅದು ಹೆಸರಿಸಿ ಅನುಮತಿಸಿಲ್ಲ, ಹೆಸರಿಸಿ ನಿಷೇಧಿಸಿಯೂ ಇಲ್ಲ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಶಿಕ್ಷಕರು ಮನೆಬಾಗಿಲಿಗೆ ಬಂದಾಗ ಅವರಿಗೆ ತೋರಿಸಲು ದಿನಾಂಕ ಹಾಕಿದ ನೋಟ್‌ಬುಕ್ಕುಗಳಿರಬೇಕು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಕರ್ನಾಟಕದ ಭಾಷಾ ಮಾಧ್ಯಮದ ಮೊಕದ್ದಮೆಯಲ್ಲಿ ಮಗುವಿನ ತಾಯ್ನುಡಿ ಯಾವುದೆಂದು ತೀರ್ಮಾನಿಸುವ ಅಧಿಕಾರವನ್ನು ತಂದೆತಾಯಿಗಳಿಗೇ ಬಿಟ್ಟಿತು. ಆ ತೀರ್ಪನ್ನು ಇಂಗ್ಲಿಷ್ ಮಾಧ್ಯಮಕ್ಕೆ ರಹದಾರಿಯೆಂದೇ ಓದಿದವರು ಹೆಚ್ಚು. ಕನ್ನಡದಲ್ಲಿ ಕಲಿಸಬೇಕೆನ್ನುವವರಿಗೂ ಅದು ಅಷ್ಟೇ ಬಲ ಕೊಡುತ್ತದೆ.

ಪರೀಕ್ಷೆಯ ದಾರಿ ತೆರೆದೇ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ತರಗತಿಗೆ ಹೋಗದೆ ಓದಿ ಪರೀಕ್ಷೆ ಕಟ್ಟಲು ಅವಕಾಶ ಕೊಡುವ ಕೇಂದ್ರದ ಮಂಡಳಿ, 14 ತುಂಬಿದ ಮಕ್ಕಳನ್ನು ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ನೋಂದಾಯಿಸಿಕೊಳ್ಳುತ್ತದೆ. ರಾಜ್ಯದ ಎಸ್ಸೆಸ್ಸೆಲ್ಸಿಗೂ ನಿಗದಿತ ವಯಸ್ಸಾದವರು ಖಾಸಗಿ ಅಭ್ಯರ್ಥಿಗಳಾಗಿ ಕೂರಬಹುದು. ಇಷ್ಟಾದರೂ ಮನಸ್ಸು ಗಟ್ಟಿಯಾಗದ ತಂದೆತಾಯಿಗಳು ವರ್ಗಾವಣೆ ಪತ್ರ ಕೇಳುವ ಮೊದಲು ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಗಣಿತ ಒಂದನ್ನೇ ಹಿಡಿದು, ಬೆಳಗಿನ ಹೊತ್ತು ಎರಡು ಭಾಷೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮಗುವಿನೊಡನೆ ಕೂತು ನೋಡುವುದು ಒಳ್ಳೆಯದು. ಜೂನ್ ಬರುವಷ್ಟರಲ್ಲಿ ಕಲಿಸುವ ಕೆಲಸ ತಮಗೆ ಒಗ್ಗುವುದೋ ಇಲ್ಲವೋ ಅವರಿಗೇ ತಿಳಿಯುತ್ತದೆ, ಒಗ್ಗದಿದ್ದರೆ ಊರಿನ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಹಾಗೆಯೇ ಇರುತ್ತದೆ.