ಹೆಬ್ಬೆರಳು ಮತ್ತು ಕ್ಲಚ್ಚು

ನನ್ನ ಎಡಗಾಲಿನ ಹೆಬ್ಬೆರಳಿಗೆ ಗೌಟ್ ಅಂಟಿಕೊಂಡು ಆರು ವರ್ಷಗಳಾದವು. ಆಯುರ್ವೇದದಲ್ಲಿ ಇದಕ್ಕೆ ವಾತರಕ್ತವೆಂದು ಹೆಸರು. ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಮ್ಲವು ಸೂಜಿಯಂತಹ ಹರಳುಗಳಾಗಿ ಕೀಲಿನಲ್ಲಿ ಕೂರುತ್ತದೆ. ನೋವು ಎದ್ದ ರಾತ್ರಿ ಹೊದಿಕೆಯ ಅಂಚು ತಾಕಿದರೂ ಪ್ರಾಣ ಹೋದಂತಾಗುತ್ತದೆ. ಬಂಧುಗಳು ಹುರುಳಿಸಾರನ್ನೂ ಬಿಡಿಸಿದರು. ವೈದ್ಯರು ನಕ್ಕು, ಮಾಂಸ ಮದ್ಯಗಳಷ್ಟು ಬೇಳೆಕಾಳು ದೋಷಿಯಲ್ಲ, ಅಲೋಪ್ಯುರಿನಾಲ್ ಮಾತ್ರೆಯನ್ನು ಮಾತ್ರ ತಪ್ಪಿಸಬೇಡಿ ಎಂದರು. ಸಾರು ಮರಳಿತು.

ಮರಳದಿರುವುದು ನಮ್ಮ ಹಳೆಯ ಅಂಬಾಸಿಡರ್ ಓಡಿಸುವ ಧೈರ್ಯ. ಅದರ ಕ್ಲಚ್ ಬಲು ಬಿಗಿ. ತುಮಕೂರಿನಿಂದ ಗುಬ್ಬಿಯ ಶಾಲೆಗೆ ಹೋಗಿಬರುತ್ತಿದ್ದ ಕಾಲದಲ್ಲಿ ಬಿ.ಎಚ್. ರಸ್ತೆಯಲ್ಲಿ ಅದು ಕೆಮ್ಮಿ ನಿಂತರೆ, ಪಾಯಿಂಟಿಗೆ ಉಪ್ಪುಕಾಗದ ತಿಕ್ಕಿ, ಕಾರ್ಬುರೇಟರಿನ ಜೆಟ್ ಬಿಚ್ಚಿ ಬಾಯಿಂದ ಊದುತ್ತಿದ್ದೆ. ಸಾಮಾನ್ಯವಾಗಿ ಹೊರಟುಬಿಡುತ್ತಿತ್ತು. (ಅಂದು ಹಿಂದಿನಿಂದ ತಳ್ಳಿದವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು.) ಕುಣಿಗಲ್ಲಿನ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮುನ್ನವೇ ಕಿವಿಗೊಟ್ಟು, ಟ್ಯಾಪೆಟ್ ಸಡಿಲವಾಗಿದೆ ಮೇಷ್ಟ್ರೇ ಎನ್ನುತ್ತಿದ್ದರು. ಮಗನ ಕಾರಿನಲ್ಲಿ ದೀಪವೊಂದು ಹೊತ್ತಿದರೆ ಕಂಪ್ಯೂಟರ್ ಜೋಡಿಸಿ ನೋಡುತ್ತಾರೆ. ಅನೇಕ ವೇಳೆ ಭಾಗವನ್ನೇ ಬದಲಿಸುತ್ತಾರೆ. ಆ ಕಾರು ಹೆಚ್ಚು ಸುರಕ್ಷಿತ, ಹೊಗೆಯೂ ಕಡಿಮೆ, ಒಪ್ಪುತ್ತೇನೆ. ಆದರೆ ನನ್ನ ಹೆಬ್ಬೆರಳನ್ನು ಬದಲಿಸುವವರಿಲ್ಲ, ದಿನವೂ ರಿಪೇರಿಯಲ್ಲೇ ನಡೆಯಬೇಕು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. "ಮಾರಿಬಿಡಿ ಅಪ್ಪ, ಕ್ಲಚ್ಚೇ ಇಲ್ಲದ ಕಾರು ತರೋಣ" ಎನ್ನುತ್ತಾನೆ ಮಗ. ಕಾಲಿಗೆ ಅದೇ ಹಿತವೆಂಬುದು ನಿಜ. ಉತ್ತರ ಹೇಳಿಲ್ಲ. ಕಳೆದ ತಿಂಗಳ ಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಆರಕ್ಕಿಂತ ಕೆಳಗಿಳಿದಿದೆ, ಊತವಿಲ್ಲ. ಭಾನುವಾರ ಕುಣಿಗಲ್ ದೊಡ್ಡಕೆರೆಯವರೆಗೆ ಓಡಿಸಿ ನೋಡುವ ಮನಸ್ಸಿದೆ. ಆ ಕಡೆಯ ಶಿಷ್ಯರು ತಳ್ಳಲು ಸಿದ್ಧರಿರಿ.