ಆರ್ನೋಸ್ ವೇಲ್‌ನ ಬಾಗಿಲಲ್ಲಿ

‘ಲಾಡ್ಜ್’ ಎಂದೊಡನೆ ನಮ್ಮ ವಾಚಕರ ಕಣ್ಣ ಮುಂದೆ ನಿಲ್ಲುವುದು ಬಸ್ ನಿಲ್ದಾಣದ ಎದುರಿನ ಬಾಡಿಗೆಯ ಕೋಣೆ. ಇಂಗ್ಲೆಂಡಿನ ರುದ್ರಭೂಮಿಗಳ ಲಾಡ್ಜ್ ಬೇರೆಯೇ ಬಗೆಯದು. ಅದು ಹೆಬ್ಬಾಗಿಲಿನ ಕಾವಲುಮನೆ. ಬ್ರಿಸ್ಟಲ್ ನಗರದ ಆರ್ನೋಸ್ ವೇಲ್ ರುದ್ರಭೂಮಿಯ ಬಾಗಿಲಲ್ಲಿ ಇಂಥವು ಎರಡಿವೆ. ಗ್ರೀಕ್ ದೇಗುಲದ ಗಾಂಭೀರ್ಯವನ್ನು ಎರವಲು ಪಡೆದ ಆ ಕಲ್ಲಿನ ಕಟ್ಟಡಗಳನ್ನು ಕಂಡಾಗ, ಸಾವಿನ ಮನೆಯ ಬಾಗಿಲಿಗೂ ಇಷ್ಟು ಠೀವಿಯೇ ಎಂದು ನನಗೆ ಅಚ್ಚರಿಯಾಯಿತು.

ಠೀವಿಗೆ ಕಾರಣವಿತ್ತು. ಊರೊಳಗಿನ ಚರ್ಚುಗಳ ಅಂಗಳಗಳು ಹೆಣಗಳಿಂದ ತುಂಬಿ ರೋಗದ ಭಯ ಹಬ್ಬಿದಾಗ, 1837ರಲ್ಲಿ ಪಾರ್ಲಿಮೆಂಟಿನ ಶಾಸನ ಪಡೆದು ಒಂದು ಕಂಪನಿ ಈ ಭೂಮಿಯನ್ನು ಸಿದ್ಧಪಡಿಸಿತು. ವಾಸ್ತುಶಿಲ್ಪಿ ಚಾರ್ಲ್ಸ್ ಅಂಡರ್‌ವುಡ್. ಮೊದಲ ಸಮಾಧಿಯಾದುದು 1839ರಲ್ಲಿ. ಲಾಭಕ್ಕಾಗಿ ನಡೆಯುವ ಮಸಣವಾದ್ದರಿಂದ ಅಂಗಡಿಯ ಮುಂಭಾಗದಂತೆ ಬಾಗಿಲೂ ಗಿರಾಕಿಯ ಮನಸ್ಸನ್ನು ಒಲಿಸಬೇಕಾಗಿತ್ತಷ್ಟೆ!

ಆ ಬಾಗಿಲು ದಾಟಿದವನಿಗೆ ಮುಂದೆ ಬಂಗಾಳದ ಛತ್ರಿಯೊಂದು ಎದುರಾಗುತ್ತದೆ. ರಾಜಾ ರಾಮಮೋಹನ ರಾಯರು 1833ರ ಸೆಪ್ಟೆಂಬರ್ 27ರಂದು ಇದೇ ನಗರದ ಹೊರವಲಯದ ಸ್ಟೇಪಲ್ಟನ್ನಿನಲ್ಲಿ ತೀರಿಕೊಂಡರು. ತಮ್ಮನ್ನು ಕ್ರೈಸ್ತರ ಸ್ಮಶಾನದಲ್ಲಿ ಹೂಳಬಾರದೆಂಬುದು ಅವರ ಇಚ್ಛೆಯಾಗಿದ್ದುದರಿಂದ, ಉಳಿದುಕೊಂಡಿದ್ದ ಮನೆಯ ತೋಟದಲ್ಲಿಯೇ ಮೌನವಾಗಿ ಹೂಳಿದರು. ಹತ್ತು ವರ್ಷಗಳ ಮೇಲೆ, 1843ರಲ್ಲಿ, ಮಿತ್ರರಾದ ದ್ವಾರಕಾನಾಥ ಠಾಕೂರರು ದೇಹವನ್ನು ಇಲ್ಲಿಗೆ ತರಿಸಿದರು; ವಿಲಿಯಂ ಪ್ರಿನ್ಸೆಪ್ ರೂಪಿಸಿದ ಛತ್ರಿ ಅದರ ಮೇಲೆ ಎದ್ದಿತು. ಆ ದ್ವಾರಕಾನಾಥರೂ 1846ರಲ್ಲಿ ಲಂಡನ್ನಿನಲ್ಲಿ ಕಣ್ಮುಚ್ಚಿ, ಅಲ್ಲಿನ ಕೆನ್ಸಲ್ ಗ್ರೀನ್ ರುದ್ರಭೂಮಿಯನ್ನು ಸೇರಿದರು.

ಸಮಾಧಿಗಳು ತುಂಬಿದಂತೆ ಕಂಪನಿಯ ಆದಾಯ ಬತ್ತಿತು. ಸುಮಾರು 45 ಎಕರೆಯ ನೆಲವನ್ನು ಮುಳ್ಳುಪೊದೆ ಆಕ್ರಮಿಸಿತು. 1987ರಲ್ಲಿ ಅದರ ಭಾಗವೊಂದನ್ನು ತೆರವುಗೊಳಿಸಿ ಮನೆ ಕಟ್ಟುವ ಯೋಜನೆ ಹುಟ್ಟಿದಾಗ ಊರು ಸಿಡಿದೆದ್ದಿತು. 1998ರಲ್ಲಿ ಬಾಗಿಲೇ ಮುಚ್ಚುವ ಹೊತ್ತು ಬಂದಿತು. ಆಗ ಸ್ಥಳೀಯ ಸ್ವಯಂಸೇವಕರು ಬಾಗಿಲನ್ನು ತೆರೆದಿರಿಸಿ, ಕಾವಲು ನಿಂತರು. ಕಂಪನಿ ಕಟ್ಟಿದ ದ್ವಾರಕ್ಕೆ ಊರೇ ದ್ವಾರಪಾಲಕನಾಯಿತು. 2003ರಲ್ಲಿ ನಗರಸಭೆ ಕಡ್ಡಾಯ ಸ್ವಾಧೀನದಿಂದ ಭೂಮಿಯನ್ನು ಪಡೆಯಿತು; ಲಾಟರಿ ನಿಧಿಯ ಲಕ್ಷಾಂತರ ಪೌಂಡುಗಳಿಂದ ಕಟ್ಟಡಗಳು ಜೀರ್ಣೋದ್ಧಾರಗೊಂಡು, 2010ರಲ್ಲಿ ಮತ್ತೆ ಕಳೆಗಟ್ಟಿದವು.

ಇಂದು ಇಲ್ಲಿಯ ಪ್ರಾರ್ಥನಾಮಂದಿರದಲ್ಲಿ ಮದುವೆಗಳು ನಡೆಯುತ್ತವೆ. ಪಕ್ಕದಲ್ಲಿಯೇ ಕಾಫಿ, ತಿಂಡಿ. ಮಸಣಕ್ಕೆ ಹೋಗಿಬಂದರೆ ತಲೆಗೆ ಸ್ನಾನ ಮಾಡದೆ ಒಳಗೆ ಸೇರಿಸದ ಮನೆಯಲ್ಲಿ ಬೆಳೆದ ನನಗೆ ಇದು ಮೊದಲು ಹಿಡಿಸಲಿಲ್ಲ. ಆದರೆ ಮದುವೆ ಮೊದಲಾದ ಸಮಾರಂಭಗಳಿಂದ ಬರುವ ಹಣವೇ ಸಮಾಧಿಗಳ ನಡುವಣ ಕಳೆ ಕೀಳಿಸುತ್ತದೆ. ಹಾಗಿರಲು, ಗೋರಿಯ ಮೇಲೆ ಗಿಡ ಬೆಳೆದು ಹೆಸರೇ ಅಳಿಸಿಹೋಗುವುದಕ್ಕಿಂತ ವಧುವಿನ ನಗೆ ಕೇಳಿಬರುವುದು ಸತ್ತವರಿಗೂ ಲೇಸೆಂದು ನನ್ನ ಎಣಿಕೆ.

ನೋಡಬಯಸುವವರು ಟೆಂಪಲ್ ಮೀಡ್ಸ್ ರೈಲು ನಿಲ್ದಾಣದಲ್ಲಿ ಇಳಿದು ಬಾತ್ ರಸ್ತೆ ಹಿಡಿದರೆ ಒಂದು ಮೈಲಿಯಷ್ಟು ನಡಿಗೆ. ರಾಯರ ಪುಣ್ಯತಿಥಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಛತ್ರಿಯ ಬಳಿ ಜನ ಸೇರುತ್ತಾರೆ. ಪ್ರವಾಸವನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳಬಹುದು.