ಹಾಸನದ ಸೀಮೆಯಲ್ಲಿ ಮೋಟಾರು ಸೈಕಲ್ಲಿನ ಸಂಚಾರ

ಹಾಸನ ಜಿಲ್ಲೆಯು ಮಲೆನಾಡಿಗೂ ಬಯಲುಸೀಮೆಗೂ ನಡುವೆ ಹೊಸ್ತಿಲಿನಂತೆ ಇರುವ ನಾಡು. ಪಡುವಲಿನಲ್ಲಿ ಸಕಲೇಶಪುರದ ಬೆಟ್ಟಗಳ ಮೇಲೆ ಧಾರಾಕಾರವಾಗಿ ಸುರಿಯುವ ಮಳೆಯು ಮೂಡಲಿಗೆ ಬಂದಂತೆಲ್ಲ ಕ್ಷೀಣಿಸುತ್ತ, ಚನ್ನರಾಯಪಟ್ಟಣವನ್ನು ಮುಟ್ಟುವ ವೇಳೆಗೆ ರಾಗಿಗೂ ತೆಂಗಿಗೂ ಸಾಲುವಷ್ಟೇ ಉಳಿಯುವುದು. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳು ಇಲ್ಲಿ ಒಂದಕ್ಕೊಂದು ತಗುಲಿಕೊಂಡಿವೆ. ಬೆಳಗ್ಗೆ ಹೊರಟು ನಾಲ್ಕು ಊರುಗಳನ್ನೂ ಸುತ್ತಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು; ಆದರೆ ಆ ಒಂದು ಹಗಲಿನಲ್ಲಿಯೇ ಗದ್ದೆ, ಹೊಗೆಸೊಪ್ಪಿನ ಹೊಲ, ಎರಡು ಹೊಳೆ, ತೆಂಗಿನ ತೋಟ, ಒಣ ಹೊಲಗಳೆಲ್ಲವೂ ಕಣ್ಣ ಮುಂದೆ ಹಾದು ಹೋಗುವುವು. ಪಶುವೈದ್ಯ ವೃತ್ತಿಯಲ್ಲಿದ್ದ ನಾನು ವರ್ಗವಾದೆಡೆಗೆಲ್ಲ ಹೋಗುತ್ತ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಸೇವೆ ಸಲ್ಲಿಸಿದೆನು. ಈ ಅವಧಿಯಲ್ಲೆಲ್ಲ ನನ್ನ ಬಳಿ ಇದ್ದ ವಾಹನವು ಒಂದೇ. 1985ರಲ್ಲಿ ಕೊಂಡ ಆ ಯೆಜ್ಡಿ ಮೋಟಾರು ಸೈಕಲ್ಲು ಇಂದಿಗೂ ನಮ್ಮ ಜಗಲಿಯ ಪಕ್ಕದಲ್ಲಿದೆ. ಒಂದು ಯಂತ್ರವನ್ನು ನಲವತ್ತು ವರ್ಷ ಇಟ್ಟುಕೊಂಡರೆ ಗೃಹಸ್ಥನಿಗೆ ತಿಳಿದುಬರುವುದೇನೆಂಬುದನ್ನು, ಅದು ಓಡಿದ ದಾರಿಗಳ ಸಮೇತ, ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಈ ಗಾಡಿಯು ಪರದೇಶದ ಬೀಜದಿಂದ ಹುಟ್ಟಿ ನಮ್ಮ ಮಣ್ಣಿನಲ್ಲಿ ಬೆಳೆದುದು. ಜೆಕೊಸ್ಲೊವಾಕಿಯ ದೇಶದ ಜಾವಾ ಕಂಪನಿಯ ಪರವಾನಗಿಯನ್ನು ಪಡೆದು ಐಡಿಯಲ್ ಜಾವಾ ಎಂಬ ಸಂಸ್ಥೆಯು ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿತು. 1961ರಲ್ಲಿ ಗಾಡಿಗಳು ಹೊರಬರತೊಡಗಿದವು. 1973ರ ಸುಮಾರಿಗೆ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. ಮೈಸೂರಿನ ಸುತ್ತಿನ ಜಿಲ್ಲೆಗಳಲ್ಲಿ ಆಗ ಇದನ್ನು ಅನ್ಯರ ವಸ್ತುವೆಂದು ಯಾರೂ ಭಾವಿಸುತ್ತಿರಲಿಲ್ಲ. ಬಿಡಿಭಾಗ ಬೇಕಾದರೆ ಮೈಸೂರು, ಬುದ್ಧಿ ಬೇಕಾದರೂ ಮೈಸೂರು. ಸರ್ಕಾರದ ನೌಕರರಿಗೆ ದೊರೆಯುತ್ತಿದ್ದ ವಾಹನ ಮುಂಗಡದಿಂದ ಇದನ್ನು ಕೊಂಡು, ಕೃಷ್ಣರಾಜನಗರ, ಹೊಳೆನರಸೀಪುರಗಳ ಮಾರ್ಗವಾಗಿ ಹಾಸನಕ್ಕೆ ತಂದೆನು. ಹೊಸ ಎಂಜಿನ್ನನ್ನು ಅವಸರಪಡಿಸಬಾರದೆಂದು ಹೇಳಿದ್ದರಿಂದ ಆ ದಿನ ಎತ್ತಿನ ಗಾಡಿಗಳ ಹೊರತು ಮಿಕ್ಕೆಲ್ಲವೂ ನನ್ನನ್ನು ಹಿಂದಿಕ್ಕಿ ಹೋದವು.

ಇದರ ರಚನೆಯನ್ನು ನಾಲ್ಕು ಮಾತಿನಲ್ಲಿ ಹೇಳುವೆನು. ಇದು ಟೂ ಸ್ಟ್ರೋಕ್ ಎಂಜಿನ್ನು. ಎರಡೂ ಪಕ್ಕಗಳಲ್ಲಿ ಒಂದೊಂದು ಸೈಲೆನ್ಸರು. ಒಳಗಿನ ಭಾಗಗಳಿಗೆ ಜಿಡ್ಡು ಬೇಕಾದುದರಿಂದ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಬೇಕು; ಲೀಟರಿಗೆ ಸುಮಾರು ಮೂವತ್ತರಿಂದ ನಲವತ್ತು ಮಿಲಿಲೀಟರು. ಎಣ್ಣೆ ಕಡಿಮೆಯಾದರೆ ಪಿಸ್ಟನ್ನು ಬಿಸಿಯೇರಿ ಹಿಡಿದುಕೊಳ್ಳುವುದು. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುವುದು. ಅಡುಗೆಗೆ ಉಪ್ಪು ಹಾಕುವ ಕೈಯಂತೆ ಇದಕ್ಕೂ ಹದವರಿತ ಕೈ ಬೇಕು. ಗೇರು ಬದಲಿಸುವ ಸನ್ನೆಯೇ ಕಿಕ್ಕರೂ ಆಗಿರುವುದು ಇದರ ಇನ್ನೊಂದು ವಿಶೇಷ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಸನ್ನೆಯಿಂದ ಗಾಡಿಯನ್ನು ಚಾಲು ಮಾಡಬಹುದು. ಚೈನಿಗೆ ಸುತ್ತಲೂ ಮುಚ್ಚಿದ ಕವಚವಿರುವುದರಿಂದ ಕೆಸರೂ ಧೂಳೂ ಅದಕ್ಕೆ ತಗುಲುವುದಿಲ್ಲ. ಕವಚದ ಬೆಲೆಯು ಹಳ್ಳಿಯ ದಾರಿಯಲ್ಲಿ ಮಳೆಗಾಲವನ್ನು ಕಳೆದವರಿಗೆ ಗೊತ್ತು.

ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯು ಗೊರೂರನ್ನು ಹಾದು ಹೋಗುವುದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹಗಳಿಂದ ಕನ್ನಡಿಗರ ಮನೆಮನೆಗೂ ಪರಿಚಿತವಾದ ಹಳ್ಳಿಯಿದು. ಹೇಮಾವತಿಗೆ ಇಲ್ಲಿ ಅಣೆಕಟ್ಟು ಪೂರ್ಣವಾದುದು 1979ರಲ್ಲಿ. ಈ ಜಲಾಶಯದ ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿಯ ಬಳಿ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚಿನ ಅವಶೇಷವಿದೆ. ಮಳೆಗಾಲದಲ್ಲಿ ನೀರೇರಿದಾಗ ಗೋಡೆಗಳ ಮೇಲುಭಾಗ ಮಾತ್ರ ಕಾಣುವುದು. ಬೇಸಗೆಯಲ್ಲಿ ನೀರಿಳಿದರೆ ಅದರ ಬುಡದವರೆಗೂ ನಡೆದು ಹೋಗಬಹುದು. ನಾನು ಮೊದಲು ಕಂಡಾಗ ನಿಂತಿದ್ದ ಗೋಡೆಗಳಲ್ಲಿ ಕೆಲವು ಇತ್ತೀಚಿನ ವರ್ಷಗಳ ಮಳೆಗೆ ಕುಸಿದಿವೆ. ವರ್ಷವರ್ಷವೂ ಅದೇ ದಾರಿಯಲ್ಲಿ ಹೋಗುವವನಿಗೆ ಇಂತಹ ಕುಂದು ಬಹು ಸ್ಪಷ್ಟವಾಗಿ ತೋರುವುದು.

ಅರಕಲಗೂಡಿನ ಸೀಮೆಯಲ್ಲಿ ಹೊಗೆಸೊಪ್ಪಿನ ಬೇಸಾಯ ಹೆಚ್ಚು. ಸೊಪ್ಪನ್ನು ಬೇಯಿಸುವ ಬ್ಯಾರನ್ನುಗಳು ಹೊಲಗಳ ನಡುವೆ ಎತ್ತರವಾಗಿ ನಿಂತಿರುವುವು. ಹದ ಮಾಡುವ ಕಾಲದಲ್ಲಿ ರಾತ್ರಿಯೆಲ್ಲ ಅವುಗಳ ಒಲೆ ಉರಿಯುತ್ತಿರುವುದು. ನಡುರಾತ್ರಿಯಲ್ಲಿ ಕರು ಅಡ್ಡವಾಗಿ ನಿಂತ ಹಸುವಿಗಾಗಿ ಕರೆ ಬಂದಾಗ ಎಷ್ಟೋ ವೇಳೆ ಈ ಒಲೆಗಳ ಬೆಳಕೇ ನನಗೆ ದಾರಿ ತೋರಿಸಿತು. ಇಂತಹ ಕರೆಗೆ ಬಸ್ಸನ್ನು ಕಾಯುವಂತಿಲ್ಲ. ಒಂದು ಗಂಟೆ ತಡವಾದರೆ ಕರುವೂ ಹೋಗುವುದು, ಕೆಲವೊಮ್ಮೆ ತಾಯಿಯೂ ಹೋಗುವುದು. ಒಂದೇ ಹಸುವನ್ನು ನಂಬಿದ ಮನೆಗೆ ಅದು ವರ್ಷದ ಅನ್ನ. ಕಾಲುಬಾಯಿ ಜ್ವರದ ಲಸಿಕೆಯನ್ನು ಒಯ್ಯುವಾಗಲೂ ಹಾಗೆಯೇ. ಪೆಟ್ಟಿಗೆಯಲ್ಲಿನ ಮಂಜುಗಡ್ಡೆ ಕರಗುವುದರೊಳಗೆ ಹಳ್ಳಿ ಸೇರಬೇಕು. ಮೊದಲನೆಯ ಒದೆತಕ್ಕೇ ಗಾಡಿಯು ಚಾಲು ಆಗುವಂತೆ ಇಟ್ಟುಕೊಳ್ಳುವುದು ನನಗೆ ಷೋಕಿಯಾಗಿರಲಿಲ್ಲ, ಕರ್ತವ್ಯವಾಗಿದ್ದಿತು.

ಈ ತಾಲ್ಲೂಕಿನ ದಕ್ಷಿಣಕ್ಕೆ ಕಾವೇರಿಯು ಹರಿಯುವಳು. ರಾಮನಾಥಪುರದ ಸುಬ್ರಹ್ಮಣ್ಯನ ಜಾತ್ರೆಗೆ ಮಾರ್ಗಶಿರದಲ್ಲಿ ಸುತ್ತಣ ಜನರೆಲ್ಲ ಸೇರುವರು. ಸಮೀಪದ ರುದ್ರಪಟ್ಟಣವು ಸಂಗೀತಗಾರರ ಊರು, ವಿದ್ವಾನ್ ಆರ್. ಕೆ. ಶ್ರೀಕಂಠನ್ (1920–2014) ಅವರು ಜನಿಸಿದುದು ಇಲ್ಲಿಯೇ. ವಿದ್ವಾನ್ ಆರ್. ಕೆ. ಪದ್ಮನಾಭರ ಪ್ರಯತ್ನದಿಂದ ತಂಬೂರಿಯ ಆಕಾರದ ಧ್ಯಾನಮಂದಿರವೊಂದು ಈ ಊರಿನಲ್ಲಿ ಎದ್ದಿದೆ. ಹೊಳೆಯ ದಂಡೆಯಲ್ಲಿ ಗಾಡಿಯನ್ನು ನಿಲ್ಲಿಸಿ ಎಂಜಿನ್ನನ್ನು ಆರಿಸಿದಾಗ ಕಿವಿಗೆ ಬರುವ ನಿಶ್ಶಬ್ದವು ಆ ಊರಿಗೆ ತಕ್ಕುದಾಗಿದೆಯೆಂದು ನನಗೆ ಪ್ರತಿ ಸಲವೂ ಅನ್ನಿಸುವುದು.

ಅರಕಲಗೂಡಿನಿಂದ ನನಗೆ ಹೊಳೆನರಸೀಪುರಕ್ಕೆ ವರ್ಗವಾಯಿತು. ಹೇಮಾವತಿಯ ದಂಡೆಯ ಮೇಲಿರುವ, ಲಕ್ಷ್ಮೀನರಸಿಂಹಸ್ವಾಮಿಯ ಪುರಾತನ ದೇವಾಲಯವುಳ್ಳ ಊರು ಅದು. ಗಾಡಿಯ ಆಯುಸ್ಸಿಗೆ ಆಧಾರವಾದ ಮೇಸ್ತ್ರಿಯು ನನಗೆ ದೊರೆತುದು ಅಲ್ಲಿ. ಅವರ ಗ್ಯಾರೇಜೆಂದರೆ ಹುಣಸೆಯ ಮರದ ಕೆಳಗೆ ಒಂದು ತಗಡಿನ ಮಾಡು. ಎಂಜಿನ್ನಿನಲ್ಲಿ ಏನಾದರೂ ಶಬ್ದ ಬಂದರೆ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನೊಮ್ಮೆ ನಕ್ಕಾಗ, “ನೀವು ಹಸುವಿನ ಹೊಟ್ಟೆಗೆ ನಳಿಗೆ ಇಟ್ಟು ಕೇಳೋದಿಲ್ಲವೇ ಡಾಕ್ಟ್ರೇ? ಇದೂ ಅಷ್ಟೇ. ಮಾತಾಡದ ಪ್ರಾಣಿ, ನಾವೇ ಕಿವಿ ಕೊಡಬೇಕು” ಎಂದರು. ಅವರಿಂದ ಕಲಿತ ಕೆಲಸಗಳನ್ನು ಇಂದಿಗೂ ನಾನೇ ಮಾಡಿಕೊಳ್ಳುವೆನು: ಪ್ಲಗ್ಗನ್ನು ಬಿಚ್ಚಿ ಮಸಿಯ ಬಣ್ಣವನ್ನು ನೋಡುವುದು, ಪಾಯಿಂಟಿನ ಸಂದನ್ನು ಹೊಂದಿಸುವುದು, ಕಾರ್ಬುರೇಟರಿನ ಕಸವನ್ನು ತೆಗೆಯುವುದು, ಕ್ಲಚ್ಚಿನ ತಂತಿಗೆ ಎಣ್ಣೆ ಬಿಡುವುದು. ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರಿನಲ್ಲಿ ಎಣ್ಣೆಯ ಕಿಟ್ಟ ಕಟ್ಟಿ ಉಸಿರು ಕಟ್ಟಿದಂತಾಗುವುದು ಸಹಜ. ಆಗಾಗ ಅದನ್ನು ಬಿಚ್ಚಿ ಶುದ್ಧಿ ಮಾಡಿದರೆ ಹೋದ ಬಲವು ಮರಳಿ ಬರುವುದು.

1996ರಲ್ಲಿ ಮೈಸೂರಿನ ಕಾರ್ಖಾನೆಯು ಮುಚ್ಚಿಹೋಯಿತು. ಗಾಡಿಗಳನ್ನು ಇಟ್ಟುಕೊಂಡಿದ್ದ ಅನೇಕರು ಸಿಕ್ಕಿದ ಬೆಲೆಗೆ ಮಾರಿದರು. ಎಷ್ಟೋ ಗಾಡಿಗಳು ಗುಜರಿಗೆ ಬಿದ್ದವು. ಮೇಸ್ತ್ರಿಗಳು ಆ ಗುಜರಿಯಿಂದಲೇ ಗೇರು, ಕ್ರ್ಯಾಂಕು, ಚೈನು ಕವಚಗಳನ್ನು ಆರಿಸಿ ತಂದು ಗೋಣಿಚೀಲಗಳಲ್ಲಿ ತುಂಬಿಟ್ಟರು. ಮಡಿದ ಗಾಡಿಗಳ ಅಂಗಗಳಿಂದ ಬದುಕಿದ ಗಾಡಿಗಳು ಓಡಿದವೆಂದರೆ ಅತಿಶಯವಲ್ಲ. ಎಂಜಿನ್ನು ಸವೆದಾಗ ಸಿಲಿಂಡರನ್ನು ಕೂದಲೆಳೆಯಷ್ಟು ಕೊರೆದು, ಅದಕ್ಕೆ ತಕ್ಕ ದಪ್ಪನೆಯ ಪಿಸ್ಟನ್ನನ್ನು ಹಾಕುವರು. ಇದಕ್ಕೆ ಬೋರು ಮಾಡಿಸುವುದೆಂದು ಹೆಸರು. ಕೊರೆಯಲು ಇನ್ನು ಜಾಗವಿಲ್ಲವೆಂದಾಗ ಒಳಗೆ ಹೊಸ ಸ್ಲೀವನ್ನು ಕೂರಿಸಿ ಮೊದಲಿನ ಅಳತೆಗೆ ತರುವರು. ನನ್ನ ಗಾಡಿಗೆ ಮೂರು ಸಲ ಬೋರು, ಒಂದು ಸಲ ಸ್ಲೀವು ಆಗಿದೆ. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಪೇಟೆಗೆ ಮರಳಿ ಬಂದವು. ಆದರೆ ಆ ಹೊಸ ಗಾಡಿಗಳ ಎಂಜಿನ್ನೇ ಬೇರೆ. ಅವುಗಳ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ.

ಚನ್ನರಾಯಪಟ್ಟಣವು ನನ್ನ ಕೊನೆಯ ಠಾಣೆ. ಇಲ್ಲಿ ತೆಂಗಿನ ತೋಟಗಳು, ಕೆರೆಗಳು, ರಾಗಿಯ ಹೊಲಗಳು. ಸುಗ್ಗಿಯ ಕಾಲದಲ್ಲಿ ರೈತರು ರಾಗಿ ಹುರುಳಿಗಳನ್ನು ರಸ್ತೆಯ ಮೇಲೆಯೇ ಹರಡಿ, ಹೋಗಿ ಬರುವ ವಾಹನಗಳಿಂದ ಒಕ್ಕಣೆ ಮಾಡಿಸುವರು. ಹುರುಳಿಯ ಬಳ್ಳಿಯು ಚಕ್ರದ ಅಚ್ಚಿಗೆ ಹಗ್ಗದಂತೆ ಸುತ್ತಿಕೊಳ್ಳುವುದಲ್ಲದೆ ಅದರ ಮೇಲೆ ಬ್ರೇಕು ಒತ್ತಿದರೆ ಗಾಡಿಯು ಜಾರುವುದು. ದ್ವಿಚಕ್ರಿಗಳು ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಲೇಸು. ಶ್ರವಣಬೆಳಗೊಳದ ಐವತ್ತೇಳು ಅಡಿಯ ಗೊಮ್ಮಟನನ್ನು ಲೋಕವೆಲ್ಲ ಬಲ್ಲುದು. ಆದರೆ ಇದೇ ತಾಲ್ಲೂಕಿನ ನುಗ್ಗೇಹಳ್ಳಿಗೆ ಬರುವವರು ಕಡಿಮೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವು ಅಲ್ಲಿದೆ. ಅದರ ಗೋಡೆಯ ಮೂರ್ತಿಗಳಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಕೈವಾಡವಿದೆ. ಸಣ್ಣ ರಸ್ತೆಯನ್ನು ಹಿಡಿದು ಹೋಗುವವನಿಗೆ ಇಂತಹ ಲಾಭಗಳುಂಟು. ಬೆಂಗಳೂರು ಮಂಗಳೂರುಗಳ ಹೆದ್ದಾರಿಯಲ್ಲಿ ಮಾತ್ರ ನಾನು ಈಗ ಈ ಗಾಡಿಯನ್ನು ಓಡಿಸುವುದಿಲ್ಲ. ಅಲ್ಲಿನ ವೇಗಕ್ಕೆ ಇದರ ಬ್ರೇಕೂ ನನ್ನ ಕಣ್ಣೂ ಒಗ್ಗುವುದಿಲ್ಲ.

ಮನೆಯವರ ಮಾತನ್ನೂ ಹೇಳಬೇಕು. ನನ್ನ ಧರ್ಮಪತ್ನಿಯು ಸೀರೆಯ ಸೆರಗನ್ನು ಸಿಕ್ಕಿಸಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತು ತವರಿಗೂ ಜಾತ್ರೆಗೂ ಬಂದವಳು. ಸೀರೆ ಚಕ್ರಕ್ಕೆ ಸಿಕ್ಕದಂತೆ ಗಾರ್ಡು ಹಾಕಿಸಿದ್ದು ಅವಳ ಹಟದಿಂದ. ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಕಡ್ಡಾಯವೆಂಬ ಕಾನೂನು 2016ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದಾಗ ಮೊದಲು ಒಪ್ಪಿದವಳೂ ಅವಳೇ. ಮಗನಿಗೆ ಮಾತ್ರ ಈ ಗಾಡಿಯು ದಂಡವೆಂದೇ ಅಭಿಪ್ರಾಯ. “ಅಪ್ಪಾಜಿ, ಹೊಗೆ ಬಿಡುತ್ತೆ, ಲೀಟರಿಗೆ ಮೂವತ್ತು ಕೊಟ್ಟರೆ ಹೆಚ್ಚು; ಐದೈದು ವರ್ಷಕ್ಕೆ ಕಾಗದ ನವೀಕರಿಸೋ ಅಲೆದಾಟ ಬೇರೆ. ಕೊಟ್ಟುಬಿಡಿ” ಎನ್ನುವನು. ಅವನ ಮಾತಿನಲ್ಲಿ ಸುಳ್ಳೇನೂ ಇಲ್ಲ. ಟೂ ಸ್ಟ್ರೋಕ್ ಗಾಡಿಯ ಹೊಗೆಯು ಹೊಸ ಗಾಡಿಗಳದಕ್ಕಿಂತ ಹೆಚ್ಚೆಂಬುದು ನಿಜ. ಆದುದರಿಂದ ದಿನಬಳಕೆಗೆ ಬೇರೆ ವಾಹನವಿಟ್ಟುಕೊಂಡು, ಇದನ್ನು ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವೆನು.

ನಿಜವಾದ ಆತಂಕವು ಬೇರೆಯೊಂದಿದೆ. ಹೊಳೆನರಸೀಪುರದ ಮೇಸ್ತ್ರಿಗೆ ಈಗ ಎಪ್ಪತ್ತು ದಾಟಿದೆ, ಕೈ ನಡುಗುವುದು. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿರುವರು. ಶಿಷ್ಯನಾಗಿ ಬಂದ ಹುಡುಗನು ಕಂಪ್ಯೂಟರು ಜೋಡಿಸಿ ದೋಷ ಕಂಡುಹಿಡಿಯುವ ಹೊಸ ಗಾಡಿಗಳ ಷೋರೂಮಿಗೆ ಹೋದನು. ಅವನನ್ನು ತಪ್ಪೆನ್ನಲಾಗದು, ಹೊಟ್ಟೆಯ ಪಾಡು ಎಲ್ಲರಿಗೂ ಒಂದೇ. ಆದರೆ ಸ್ಕ್ರೂಡ್ರೈವರಿಗೆ ಕಿವಿ ಹಚ್ಚಿ ಕೇಳುವ ಆ ವಿದ್ಯೆಯು ಪುಸ್ತಕದಲ್ಲಿಲ್ಲ. ಕಾರ್ಖಾನೆ ಮುಚ್ಚಿದ ಬಳಿಕವೂ ಗಾಡಿ ಇಷ್ಟು ವರ್ಷ ಓಡಿತು. ಆ ಕೈ ನಿಂತ ಬಳಿಕ ಓಡಲಾರದು. ಹೀಗೆಂದು ತಿಳಿದ ಮೇಲೆ ಕಳೆದ ಎರಡು ವರ್ಷಗಳಿಂದ ನನ್ನ ಮಗಳೊಡನೆ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿರುವೆನು. ಹಾಸನದಲ್ಲಿ ಉಪಾಧ್ಯಾಯಿನಿಯಾಗಿರುವ ಅವಳಿಗೆ ಚಿಕ್ಕಂದಿನಿಂದಲೂ ಈ ಗಾಡಿಯ ಮೇಲೆ ಮಮತೆ. ಮೇಸ್ತ್ರಿ ಹೇಳುವರು, ಅವಳು ಬಿಚ್ಚಿ ಜೋಡಿಸುವಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವೆನು. “ನಿಮ್ಮ ಅಪ್ಪನಿಗಿಂತ ನಿನ್ನ ಕಿವಿ ಚುರುಕಮ್ಮ” ಎಂದು ಅವರು ಕಳೆದ ಯುಗಾದಿಯ ಹಿಂದೆ ಹೇಳಿದರು. ನನಗೆ ಅದರಿಂದ ಬೇಸರವಾಗಲಿಲ್ಲ.

ಬಹುಕಾಲ ವಾಹನವನ್ನು ಇಟ್ಟುಕೊಳ್ಳಬಯಸುವ ಗೃಹಸ್ಥರಿಗೆ ನನ್ನ ಸೂಚನೆಗಳಿಷ್ಟೆ. ಗಾಡಿಗೆ ಒಂದು ಲೆಕ್ಕದ ಪುಸ್ತಕವಿಡಿರಿ. ಯಾವ ದಿನ ಏನು ಬದಲಾಯಿತೆಂಬುದನ್ನು ಬರೆದಿಡಿರಿ. ಸಣ್ಣ ಕೆಲಸಗಳನ್ನು ಮನೆಯಲ್ಲಿಯೇ ಕಲಿಯಿರಿ. ದೊಡ್ಡದಕ್ಕೆ ಒಬ್ಬನೇ ಮೇಸ್ತ್ರಿಯ ಬಳಿ ಹೋಗಿರಿ, ಅವನಿಗೆ ಸಲ್ಲಬೇಕಾದುದನ್ನು ಚೌಕಾಸಿಯಿಲ್ಲದೆ ಕೊಡಿರಿ. ನಿಲ್ಲಿಸಿಟ್ಟ ಗಾಡಿಯು ಓಡುವ ಗಾಡಿಗಿಂತ ಬೇಗ ಕೆಡುವುದು. ವಾರಕ್ಕೊಮ್ಮೆಯಾದರೂ ಹತ್ತಿಪ್ಪತ್ತು ಕಿಲೋಮೀಟರು ಓಡಿಸಿರಿ. ಬ್ರೇಕು, ಟೈರು, ದೀಪ ಇವುಗಳಲ್ಲಿ ಉಳಿತಾಯ ಮಾಡಬೇಡಿರಿ.

ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಬೇಕೆನ್ನುವವರಿಗೆ ದೀಪಾವಳಿ ಕಳೆದ ಮೇಲಿನ ಎರಡು ತಿಂಗಳು ಪ್ರಶಸ್ತ. ಮಳೆ ನಿಂತಿರುವುದು, ಕೆರೆಗಳು ತುಂಬಿರುವುವು, ಗದ್ದೆಗಳು ಹಣ್ಣಾಗಿರುವುವು. ಹಾಸನದಿಂದ ಗೊರೂರು, ಅರಕಲಗೂಡು, ಅಲ್ಲಿಂದ ರಾಮನಾಥಪುರದ ಹೊಳೆಯನ್ನು ಕಂಡು ಹೊಳೆನರಸೀಪುರ, ಬಳಿಕ ಚನ್ನರಾಯಪಟ್ಟಣ. ಬೆಳಗಿನ ಮಂಜು ಕರಗಿದ ಮೇಲೆ ಹೊರಡಿರಿ, ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿಯಿರಿ, ಹುರುಳಿ ಹಾಸಿದ್ದೆಡೆ ಇಳಿದು ನಡೆಯಿರಿ.